ಪ್ರವಾಸೋದ್ಯಮದಲ್ಲಿ ಎಷ್ಟು ಜನಕ್ಕೆ ಕೆಲಸ? ಚಿಕ್ಕಮಗಳೂರು–ಹಾಸನದಲ್ಲಿ ಎಣಿಸುವ ಬಗೆ

(ಚಿಕ್ಕಮಗಳೂರಿನಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ಇಟ್ಟುಕೊಳ್ಳೋಣ. ನಾಲ್ಕು ಕೋಣೆ, ಸುತ್ತ ಕಾಫಿ ತೋಟ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಮನೆ, ಆದರೆ ಇಂಥ ಮನೆ ನಿಮ್ಮೂರಿನ ಪಕ್ಕದಲ್ಲೂ ಇರುತ್ತದೆ. ಯಜಮಾನರನ್ನು "ಎಷ್ಟು ಜನ ಕೆಲಸಕ್ಕಿದ್ದಾರೆ?" ಅಂತ ಕೇಳಿದರೆ "ಒಬ್ಬರಿದ್ದಾರೆ, ಅಡುಗೆಯಾಕೆ" ಅನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿ. ತಿಂಗಳಾದ ಮೇಲೆ ಸಂಬಳ ಅಂತ ಎಣಿಸಿ ಕೊಡುವುದು ಒಬ್ಬರಿಗೇ. ಆದರೆ ಶನಿವಾರ, ಭಾನುವಾರ ಲೈನ್ ಮನೆಯಿಂದ (ತೋಟದ ಕೂಲಿಕಾರರ ಸಾಲುಮನೆ) ಇಬ್ಬರು ಹೆಂಗಸರು ಬಂದು ಕೋಣೆ ಗುಡಿಸಿ, ಬೆಡ್‌ಶೀಟ್ ಒಗೆದು, ಪಾತ್ರೆ ತೊಳೆದು ಹೋಗುತ್ತಾರೆ. ಊರಿನ ಹುಡುಗನೊಬ್ಬ ಸಂಜೆ ಕ್ಯಾಂಪ್‌ಫೈರ್‌ಗೆ ಸೌದೆ ಹೊಂದಿಸಿ, ಬೆಳಿಗ್ಗೆ ಬಂದವರನ್ನು ಗುಡ್ಡ ಹತ್ತಿಸಿಕೊಂಡು ಬರುತ್ತಾನೆ. ಮನೆಯಾಕೆ ನಸುಕಿಗೆದ್ದು ಅಕ್ಕಿ ರೊಟ್ಟಿ, ಕಡುಬಿನ ಉಸ್ತುವಾರಿಗೆ ನಿಲ್ಲುತ್ತಾರೆ. ಬುಕಿಂಗ್ ಫೋನು, ಪೇಟೆಯಿಂದ ಕೋಳಿ, ತರಕಾರಿ ತರುವುದು ಯಜಮಾನರ ಪಾಲು.

ಈಗ ಗಂಟೆಯ ಲೆಕ್ಕ ಹಾಕಿ. ವರ್ಷದಲ್ಲಿ 110 ದಿನ ಮನೆ ತುಂಬಿರುತ್ತದೆ, 90 ದಿನ ಒಂದೋ ಎರಡೋ ಕೋಣೆ ಹೋಗುತ್ತದೆ, ಉಳಿದ 165 ದಿನ ಖಾಲಿ ಎಂದುಕೊಳ್ಳಿ. ಮನೆಯಾಕೆ ತುಂಬಿದ ದಿನ 8 ಗಂಟೆ, ಸಾಧಾರಣ ದಿನ 4 ಗಂಟೆ ಅತಿಥಿಗಳಿಗಾಗಿ ದುಡಿದರೆ ವರ್ಷಕ್ಕೆ 1,240 ಗಂಟೆ. ಯಜಮಾನರದು ಅದರರ್ಧ, 620. ಅಡುಗೆಯಾಕೆ 200 ದಿನ, ದಿನಕ್ಕೆ 6 ಗಂಟೆಯಂತೆ 1,200. ಲೈನಿನ ಇಬ್ಬರು 110 ದಿನ ತಲಾ 5 ಗಂಟೆ, ಒಟ್ಟು 1,100. ಹುಡುಗ 110 ದಿನ 3 ಗಂಟೆಯಂತೆ 330. ಎಲ್ಲ ಕೂಡಿದರೆ 4,490 ಗಂಟೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ದುಡಿಯುವವರನ್ನು ಒಂದು ಪೂರ್ಣಾವಧಿ ಕೆಲಸ, ಅಂದರೆ 2,400 ಗಂಟೆ ಎಂದು ಹಿಡಿದರೆ, ಈ ಮನೆಯಲ್ಲಿರುವುದು 1.87 ಪೂರ್ಣಾವಧಿ ಕೆಲಸ.

ಒಂದೇ ಮನೆ, ಮೂರು ಉತ್ತರ. ಸಂಬಳದವರು 1. ಕೈ ಹಾಕಿದವರು 6. ಪೂರ್ಣಾವಧಿಗೆ ಇಳಿಸಿದರೆ ಸುಮಾರು 1.9. ಮೂರೂ ನಿಜ, ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ನಮ್ಮ ಜಿಲ್ಲೆಯ ಪ್ರವಾಸೋದ್ಯಮದ ಉದ್ಯೋಗದ ಬಗ್ಗೆ ಸಭೆಗಳಲ್ಲಿ ಕೇಳಿಬರುವ ಅಂಕಿಗಳಲ್ಲಿ ಇದು ಯಾವುದು ಅಂತ ಹೇಳಿರುವುದೇ ಅಪರೂಪ. ಎಷ್ಟು ಜನ ಮತ್ತು ಎಷ್ಟು ದಿನದ ದುಡಿಮೆ, ಈ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿ, ಬೇರೆ ಬೇರೆಯಾಗಿಯೇ ಪ್ರಕಟಿಸಬೇಕು ಎನ್ನುವುದು ಇಂದಿನ ಮಾತಿನ ತಿರುಳು.

ಇರುವ ಅಂಕಿಅಂಶ ಯಾಕೆ ಸಾಲದು

2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961, ಹಾಸನದ್ದು 17,76,421. ದುಡಿಯುವವರನ್ನು ಅಲ್ಲಿ ನಾಲ್ಕು ಗುಂಪು ಮಾಡಿದ್ದಾರೆ: ಸಾಗುವಳಿದಾರರು, ಕೃಷಿ ಕೂಲಿಕಾರರು, ಮನೆ ಕೈಗಾರಿಕೆಯವರು, ಮತ್ತು ಇತರರು. ಲಾಡ್ಜಿನ ರೂಮ್ ಬಾಯ್, ಬೇಲೂರಿನ ಗೈಡು, ದತ್ತಪೀಠದ ದಾರಿಯ ಜೀಪ್ ಚಾಲಕ, ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತ ಎಲ್ಲರೂ ಆ ನಾಲ್ಕನೆಯ ಗುಂಪಿನಲ್ಲಿ ಒಟ್ಟಿಗೆ ಬೀಳುತ್ತಾರೆ. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರು "ಅಲ್ಪಾವಧಿ ಕೆಲಸಗಾರರು". ಸೀಸನ್ ನಂಬಿದ ಉದ್ಯಮದಲ್ಲಿ ಅಂಥವರೇ ಹೆಚ್ಚು.

ಕೇಂದ್ರ ಸಾಂಖ್ಯಿಕ ಇಲಾಖೆಯ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್) ಇದಕ್ಕಿಂತ ಬಹಳ ಸೂಕ್ಷ್ಮ. 2017ರಲ್ಲಿ ಶುರುವಾದ ಇದನ್ನು 2025ರ ಜನವರಿಯಿಂದ ಹೊಸದಾಗಿ ರೂಪಿಸಿ, ಜಿಲ್ಲೆಯನ್ನೇ ಮಾದರಿಯ (ಎಲ್ಲರ ಬದಲು ಆರಿಸಿ ಕೇಳುವ ಕೆಲವು ಮನೆಗಳ) ಮೂಲ ಘಟಕ ಮಾಡಿದ್ದಾರೆ. ಒಳ್ಳೆಯ ಹೆಜ್ಜೆ. ಆದರೆ ಜಿಲ್ಲೆಯ ಹೋಟೆಲ್ ಉದ್ಯೋಗ ಇದರಿಂದಲೇ ಸಿಗುತ್ತದೆ ಅನ್ನುವುದು ಅವಸರದ ಮಾತು. ಇಡೀ ದೇಶಕ್ಕೆ ಆರಿಸಿದ ಹಳ್ಳಿ ಮತ್ತು ಪಟ್ಟಣದ ಬ್ಲಾಕುಗಳು 22,692. ಒಂದೊಂದರಲ್ಲಿ 12 ಮನೆ. ಜಿಲ್ಲೆಗಳಿಗೆ ಸಮನಾಗಿ ಹಂಚಿದರೆ ಒಂದು ಜಿಲ್ಲೆಗೆ ಹತ್ತಿರ ಹತ್ತಿರ 30 ಬ್ಲಾಕು, 350 ಮನೆ. ಮನೆಗೆ ನಾಲ್ವರಂತೆ 1,400 ಜನ, ಅದರಲ್ಲಿ ದುಡಿಯುವವರು 600 ಅಂದುಕೊಳ್ಳಿ. ನೂರರಲ್ಲಿ ಮೂವರು ವಸತಿ ಮತ್ತು ಊಟೋಪಚಾರದವರಾದರೆ ಮಾದರಿಯಲ್ಲಿ ಸಿಗುವುದು 18 ಜನ. ಈ 18ರ ಮೇಲೆ ಆಕಸ್ಮಿಕ ಏರುಪೇರೇ ಆಚೀಚೆ 8. ಒಂದೇ ಹಳ್ಳಿಯ ಮನೆಗಳು ಒಂದನ್ನೊಂದು ಹೋಲುವುದರಿಂದ ನಿಜವಾದ ಏರುಪೇರು ಇನ್ನೂ ದೊಡ್ಡದು. ಹೋದ ವರ್ಷ 18 ಸಿಕ್ಕು ಈ ವರ್ಷ 24 ಸಿಕ್ಕರೆ "ಮೂರನೇ ಒಂದರಷ್ಟು ಏರಿಕೆ" ಎಂದು ಬರೆಯುವಂತಿಲ್ಲ. ಅದು ಬರೀ ಮಾದರಿಯ ಅಲುಗಾಟ ಇರಬಹುದು. ತಾಲೂಕಿಗೆ ಇಳಿದರೆ ಎಣಿಸಲು ಬೆರಳೇ ಸಾಕು.

ಆ ಸಮೀಕ್ಷೆಯಲ್ಲಿ ಕಲಿಯಬೇಕಾದ್ದು ಅದರ ಪ್ರಶ್ನೆ ಕೇಳುವ ಕ್ರಮ. ಕಳೆದ 365 ದಿನದಲ್ಲಿ ಹೆಚ್ಚು ಕಾಲ ಮಾಡಿದ್ದು ಮುಖ್ಯ ಕೆಲಸ; ಅದರ ಜೊತೆಗೆ 30 ದಿನಕ್ಕೆ ಕಡಿಮೆಯಿಲ್ಲದೆ ಮಾಡಿದ್ದು ಉಪ ಕೆಲಸ. ವಾರದ ಲೆಕ್ಕದಲ್ಲಾದರೆ ಕಳೆದ 7 ದಿನದಲ್ಲಿ ಒಂದು ಗಂಟೆ ದುಡಿದರೂ ಕೆಲಸದಲ್ಲಿದ್ದಂತೆ. ಮೊದಲು ಹೇಳಿದ ಮನೆಗೆ ಇದನ್ನು ಹಚ್ಚಿ ನೋಡಿ. ಯಜಮಾನರ ಮುಖ್ಯ ಕೆಲಸ ತೋಟ, ಲೈನಿನ ಇಬ್ಬರದು ತೋಟದ ಕೂಲಿ. ಮನೆಯಾಕೆಯ ಬಗ್ಗೆ ಕೇಳಿದರೆ "ಅವರು ಮನೇಲೇ ಇರ್ತಾರೆ" ಎಂಬ ಉತ್ತರ ಬರುತ್ತದೆ, ಅವರು ಮನೆಕೆಲಸದ ಸಾಲಿಗೆ ಸೇರಿಹೋಗುತ್ತಾರೆ. ಮುಖ್ಯ ಕೆಲಸ ಮಾತ್ರ ಎಣಿಸಿದರೆ ಉಳಿಯುವುದು ಅಡುಗೆಯಾಕೆ ಒಬ್ಬರೇ. ಉಪ ಕೆಲಸವನ್ನು ಬಿಡದೆ ಕೇಳಿದರೆ ಮಾತ್ರ ಉಳಿದವರು ಬೆಳಕಿಗೆ ಬರುತ್ತಾರೆ.

ಉಳಿದ ಮೂಲಗಳ ಬಗ್ಗೆ ಚುಟುಕಾಗಿ. ಭವಿಷ್ಯ ನಿಧಿ (ಪಿಎಫ್) 20 ಮತ್ತು ಮೇಲ್ಪಟ್ಟ ಸಿಬ್ಬಂದಿಯ ಸಂಸ್ಥೆಗಳಿಗೆ, ಇಎಸ್‌ಐ (ನೌಕರರ ರಾಜ್ಯ ವಿಮೆ) 10 ಮತ್ತು ಮೇಲ್ಪಟ್ಟವಕ್ಕೆ. ದೊಡ್ಡ ರೆಸಾರ್ಟುಗಳು ಅಲ್ಲಿ ಸಿಗುತ್ತವೆ, ಹೋಂಸ್ಟೇ, ಮೆಸ್, ಗಾಡಿಗಳು ಸಿಗುವುದಿಲ್ಲ. ಆರನೆಯ ಆರ್ಥಿಕ ಗಣತಿ 2013–14ರದು, ಬಹಳ ಹಳತು. ಅಸಂಘಟಿತ ಉದ್ದಿಮೆಗಳ ವಾರ್ಷಿಕ ಸಮೀಕ್ಷೆ ರಾಜ್ಯದ ಮಟ್ಟಕ್ಕೆ ಉಪಯುಕ್ತ, ತಾಲೂಕಿನ ಮಟ್ಟಕ್ಕೆ ಅಲ್ಲ.

ಯಾವ ಕೆಲಸ ಪ್ರವಾಸೋದ್ಯಮದ್ದು

ರಾಷ್ಟ್ರೀಯ ಉದ್ಯಮ ವರ್ಗೀಕರಣ 2008ರಲ್ಲಿ ಪ್ರವಾಸೋದ್ಯಮ ಅಂತ ಒಂದು ವಿಭಾಗವೇ ಇಲ್ಲ. ವಸತಿಗೆ 55, ಊಟ–ತಿಂಡಿಗೆ 56, ಟ್ರಾವೆಲ್ ಏಜೆನ್ಸಿ ಮತ್ತು ಟೂರ್ ನಡೆಸುವವರಿಗೆ 79, ಟ್ಯಾಕ್ಸಿ–ಜೀಪಿಗೆ 49. ಇವನ್ನೆಲ್ಲ ಕೂಡಿದರೆ ಬರುವುದು ಪ್ರವಾಸಿಗರಿಗೂ ಸೇವೆ ಕೊಡುವ ಉದ್ಯಮಗಳ ಒಟ್ಟು ಉದ್ಯೋಗ. ಪ್ರವಾಸಿಗರಿಂದಲೇ ಹುಟ್ಟಿದ ಉದ್ಯೋಗ ಅದಕ್ಕಿಂತ ಕಡಿಮೆ. ಹಾಸನದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಹತ್ತು ಜನ ಸಪ್ಲೈಯರುಗಳಿದ್ದರೆ ಹತ್ತೂ ಜನ ಪ್ರವಾಸಿಗರಿಂದ ಬದುಕುತ್ತಿಲ್ಲ. ಅಲ್ಲಿ ತಿಂಡಿ ತಿನ್ನುವವರಲ್ಲಿ ಕೋರ್ಟಿಗೆ ಬಂದವರು, ಕಾಲೇಜು ಹುಡುಗರು, ಅಂಗಡಿಯವರೇ ಹೆಚ್ಚು.

ಹಾಗಾಗಿ ಪ್ರತಿ ಬಗೆಯ ಉದ್ದಿಮೆಗೂ ಪ್ರವಾಸಿಗರ ಪಾಲು ಎಷ್ಟು ಎಂಬುದನ್ನು ಅಳೆಯಬೇಕು. ಹೋಟೆಲಿನ ಬಾಗಿಲಲ್ಲಿ ನಿಂತು, ಹೊರಬರುವ ಪ್ರತಿ ಹತ್ತನೆಯ ಗಿರಾಕಿಯನ್ನು ಎರಡು ಪ್ರಶ್ನೆ ಕೇಳುವುದು: ಯಾವ ಊರು, ಈ ಊರಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತೀರಿ. ಒಂದು ಕೆಲಸದ ದಿನ, ಒಂದು ಭಾನುವಾರ, ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟದ ಹೊತ್ತು. ವಿಶ್ವಸಂಸ್ಥೆ ಒಪ್ಪಿದ 2008ರ ಶಿಫಾರಸಿನ ಪ್ರಕಾರ, ತನ್ನ ನಿತ್ಯದ ಓಡಾಟದ ವಲಯ ಬಿಟ್ಟು ಒಂದು ವರ್ಷಕ್ಕಿಂತ ಕಡಿಮೆ ಕಾಲಕ್ಕೆ ಹೊರಗೆ ಹೋದವರೆಲ್ಲ ಸಂದರ್ಶಕರೇ. ಅವರು ಬಂದ ಊರಿನಲ್ಲಿ ಸಂಬಳಕ್ಕೆ ಸೇರಲು ಬಂದವರಾಗಿರಬಾರದು, ಅಷ್ಟೆ. ರಾತ್ರಿ ತಂಗಿದರೆ ಪ್ರವಾಸಿ, ಅದೇ ದಿನ ಮರಳಿದರೆ ಒಂದು ದಿನದ ಸಂದರ್ಶಕ. ಶೃಂಗೇರಿಗೆ ಹರಕೆ ತೀರಿಸಲು ಬಂದವರು, ಆಸ್ಪತ್ರೆಗೆಂದು ಅಪರೂಪಕ್ಕೆ ಹಾಸನಕ್ಕೆ ಬಂದವರು, ಕಾಫಿ ವ್ಯಾಪಾರಕ್ಕೆ ಬಂದು ಲಾಡ್ಜಿನಲ್ಲಿ ಉಳಿದವರು ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ. ವಾರಕ್ಕೆರಡು ಸಲ ಆಲೂರಿನಿಂದ ಹಾಸನಕ್ಕೆ ಬರುವವರು ಸೇರುವುದಿಲ್ಲ.

ಒಂದು ದಿನದ ಸಂದರ್ಶಕರನ್ನು ಮರೆತರೆ ಬೇಲೂರು, ಹಳೇಬೀಡಿಗೆ ದೊಡ್ಡ ಅನ್ಯಾಯ. ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅದರಿಂದ ಉದ್ಯೋಗ ಎಷ್ಟು ಹೆಚ್ಚಿತು ಎಂದು ಕೇಳುವವರು ಲಾಡ್ಜಿನ ಕೋಣೆ ಎಣಿಸಲು ಹೊರಡುತ್ತಾರೆ. ಆದರೆ ಅಲ್ಲಿಗೆ ಬರುವವರಲ್ಲಿ ಬಹಳಷ್ಟು ಜನ ಬೆಳಿಗ್ಗೆ ಬಂದು ಸಂಜೆಗೆ ಮುಂದಕ್ಕೆ ಹೋಗುವವರು. ಅವರ ಹಣ ತಲುಪುವುದು ಗೈಡುಗಳಿಗೆ, ಎಳನೀರಿನವರಿಗೆ, ಚಪ್ಪಲಿ ಕಾಯುವವರಿಗೆ, ಕಲ್ಲಿನ ಮೂರ್ತಿ ಮಾರುವವರಿಗೆ, ಪಾರ್ಕಿಂಗ್ ಚೀಟಿ ಹರಿಯುವವರಿಗೆ, ಊಟದ ಹೋಟೆಲಿಗೆ. "ಒಂದು ಕೋಣೆಗೆ ಇಷ್ಟು ಉದ್ಯೋಗ" ಎಂಬ ಸೂತ್ರ ಇವರಲ್ಲಿ ಒಬ್ಬರನ್ನೂ ಕಾಣುವುದಿಲ್ಲ. ಕೋಣೆಯ ಸೂತ್ರದ ಇನ್ನೊಂದು ಕುಂದು: ಕೋಣೆ ಇದ್ದ ಮಾತ್ರಕ್ಕೆ ಕೆಲಸ ಹುಟ್ಟುವುದಿಲ್ಲ, ಕೋಣೆ ತುಂಬಿದಾಗ ಹುಟ್ಟುತ್ತದೆ. 110 ದಿನ ತುಂಬುವ ಮನೆಗೂ 250 ದಿನ ತುಂಬುವ ಲಾಡ್ಜಿಗೂ ಒಂದೇ ಗುಣಕ ಹಾಕಿದರೆ ಎರಡೂ ತಪ್ಪು.

ದೇವಸ್ಥಾನಗಳ ದಾಸೋಹ ಇನ್ನೊಂದು ತೊಡಕು. ಹೊರನಾಡು, ಶೃಂಗೇರಿಗಳಲ್ಲಿ ದಿನವೂ ಸಾವಿರಗಟ್ಟಲೆ ಜನ ಉಣ್ಣುತ್ತಾರೆ. ಅಡುಗೆ ಭಟ್ಟರು, ಬಡಿಸುವವರು, ಪಾತ್ರೆ ತೊಳೆಯುವವರು ಮಾಡುವುದು ಹೋಟೆಲಿನವರ ಕೆಲಸವೇ, ಆದರೆ ವರ್ಗೀಕರಣದಲ್ಲಿ ಅವರು ಧಾರ್ಮಿಕ ಸಂಸ್ಥೆಯ ಸಿಬ್ಬಂದಿ. ಊಟ–ತಿಂಡಿಯ 56ರಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವರನ್ನು ಬೇರೆಯೇ ಸಾಲಿನಲ್ಲಿ ತೋರಿಸುವುದು ಒಳ್ಳೆಯದು. ಹೋಟೆಲಿಗೆ ಬೆರೆಸಬೇಡಿ, ಬಿಟ್ಟೂ ಬಿಡಬೇಡಿ. ಸೇವೆ ಮಾಡಲೆಂದು ಬರುವ ಭಕ್ತರು ಮಾತ್ರ ಉದ್ಯೋಗದ ಲೆಕ್ಕಕ್ಕೆ ಬರುವುದಿಲ್ಲ.

ಪಟ್ಟಿ ಕಟ್ಟುವುದು

ಸಮೀಕ್ಷೆಯ ಅರ್ಧ ಜೀವ ಪಟ್ಟಿಯಲ್ಲಿದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಗ್ರಾಮ ಪಂಚಾಯಿತಿಯ ಪರವಾನಗಿ, ಆಹಾರ ಸುರಕ್ಷತಾ ಇಲಾಖೆಯ ನೋಂದಣಿ, ಆನ್‌ಲೈನ್ ಬುಕಿಂಗ್ ತಾಣಗಳು, ಈ ನಾಲ್ಕನ್ನೂ ತಂದು ಒಂದು ಮಾಡಬೇಕು. ಒಂದೇ ಮನೆಗೆ ಬೋರ್ಡಿನಲ್ಲಿ ಒಂದು ಹೆಸರು, ಆ್ಯಪ್‌ನಲ್ಲಿ ಇನ್ನೊಂದು, ಪಂಚಾಯಿತಿಯಲ್ಲಿ ಯಜಮಾನರ ತಂದೆಯ ಹೆಸರು. ಹೆಸರು ಹಿಡಿದು ಹೊಂದಿಸಲು ಹೋದರೆ ಒಂದೇ ಮನೆ ಮೂರು ಸಲ ಬರುತ್ತದೆ. ವಿದ್ಯುತ್ ಬಿಲ್ಲಿನ ಆರ್‌ಆರ್ ನಂಬರ್ ಹಿಡಿಯಿರಿ. ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಚೆಸ್ಕಾಂ. ಮೀಟರು ಯಾರ ಹೆಸರಿನಲ್ಲಿದ್ದರೂ ನಂಬರು ಒಂದೇ. ಒಂದೇ ತೋಟದಲ್ಲಿ ಎರಡು ಮೀಟರಿನ ಎರಡು ಕಾಟೇಜುಗಳಿದ್ದರೆ ಅಡುಗೆಮನೆ ಒಂದೋ ಎರಡೋ ಎಂದು ಕೇಳಿ, ಒಂದೇ ಆದರೆ ಒಂದೇ ಘಟಕ ಮಾಡಿ.

ಇಷ್ಟಾದರೂ ಯಾವ ದಾಖಲೆಗೂ ಬಾರದ ಮನೆಗಳು ಉಳಿಯುತ್ತವೆ. ಅದಕ್ಕೆ ರಸ್ತೆ ಹಿಡಿದು ನಡೆಯಬೇಕು. ತಾಲೂಕಿನ ರಸ್ತೆಗಳನ್ನು ಎರಡೆರಡು ಕಿಲೋಮೀಟರಿನ ತುಂಡು ಮಾಡಿ, ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಆ ತುಂಡಿನಲ್ಲಿ ಕಣ್ಣಿಗೆ ಬಿದ್ದ ಪ್ರತಿ ಹೋಂಸ್ಟೇ, ಟೀ ಅಂಗಡಿ, ಫಾಸ್ಟ್ ಫುಡ್ ಗಾಡಿಯನ್ನೂ ಬರೆದುಕೊಳ್ಳಿ. ಹತ್ತರಲ್ಲಿ ಎಷ್ಟು ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಗೊತ್ತಾದರೆ ಇಡೀ ಪಟ್ಟಿಯ ಕೊರತೆ ಎಷ್ಟು ಎಂಬ ಅಂದಾಜು ಸಿಗುತ್ತದೆ.

ದೊಡ್ಡ ರೆಸಾರ್ಟುಗಳನ್ನು ಮಾದರಿಗೆ ಬಿಡಬಾರದು, ಎಲ್ಲಕ್ಕೂ ಹೋಗಬೇಕು; ಒಂದು ತಪ್ಪಿದರೂ ನೂರಾರು ಜನ ತಪ್ಪುತ್ತಾರೆ. ಹೋಂಸ್ಟೇಗಳಿಗೆ ಮಾದರಿ ಸಾಕು. ಒಂದು ತಾಲೂಕಿನಲ್ಲಿ 400 ಇವೆ, 80ಕ್ಕೆ ಹೋಗಿದ್ದೀರಿ, ಸರಾಸರಿ 5 ಜನ, ಮನೆಯಿಂದ ಮನೆಗೆ ವ್ಯತ್ಯಾಸ 2 ಜನದಷ್ಟು ಎಂದಿಟ್ಟುಕೊಳ್ಳಿ. ಒಟ್ಟು ಅಂದಾಜು 2,000, ಆಚೀಚೆ 160. ತಾಲೂಕಿನ ಮಟ್ಟಕ್ಕೆ ಇದು ನಂಬಬಹುದಾದ ಅಂಕಿ. ತಾಲೂಕನ್ನೇ ಘಟಕ ಮಾಡಿ ಎನ್ನುವುದಕ್ಕೆ ಕಾರಣವಿದೆ: ಕಡೂರಿನ ಬಯಲಿಗೂ ಮೂಡಿಗೆರೆಯ ಮಲೆಗೂ, ಅರಸೀಕೆರೆಗೂ ಸಕಲೇಶಪುರಕ್ಕೂ ಸರಾಸರಿ ತೆಗೆದರೆ ಆ ಅಂಕಿ ಯಾವ ಊರಿಗೂ ಸೇರಿದ್ದಲ್ಲ.

ಪ್ರಶ್ನೆ ಕೇಳುವುದು

"ಎಷ್ಟು ಜನ ಕೆಲಸಕ್ಕಿದ್ದಾರೆ?" ಎಂದು ಕೇಳಬೇಡಿ. ಕೆಲಸ ಹಿಡಿದು ಕೇಳಿ. "ಅಕ್ಕಾ, ಹೋದ ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟಿದ್ದು ಯಾರು? ಬೆಡ್‌ಶೀಟ್ ಒಗೆದಿದ್ದು? ಬಚ್ಚಲು ತೊಳೆದಿದ್ದು? ರಾತ್ರಿ ಹನ್ನೊಂದಕ್ಕೆ ಬಂದವರಿಗೆ ಗೇಟು ತೆಗೆದಿದ್ದು ಯಾರು?" ಒಂದೊಂದು ಉತ್ತರಕ್ಕೂ ಒಂದು ಸಾಲು, ಒಬ್ಬರೇ ಎರಡು ಕೆಲಸ ಮಾಡಿದ್ದರೆ ಅದೇ ಸಾಲಿನಲ್ಲಿ ಗುರುತು. ಹೀಗೆ ಕೇಳಿದಾಗ ಮನೆಯಾಕೆ, ರಜೆಗೆ ಬಂದ ಮಗ, ಪಕ್ಕದ ಮನೆಯ ಅತ್ತಿಗೆ ಎಲ್ಲರೂ ಬರುತ್ತಾರೆ. ಸಂಬಳವಿಲ್ಲದೆ ಮನೆಯ ಉದ್ದಿಮೆಯಲ್ಲಿ ದುಡಿಯುವವರಿಗೆ ರಾಷ್ಟ್ರೀಯ ಸಮೀಕ್ಷೆಗಳಲ್ಲೂ 21 ಎಂಬ ಸಂಕೇತವಿದೆ. ಅವರು ಅಧಿಕೃತವಾಗಿಯೇ ಕೆಲಸಗಾರರು. ಈ ಹೆಂಗಸರ ದುಡಿಮೆ ಕಾಗದದ ಮೇಲೆ ಬಾರದಿದ್ದರೆ ತರಬೇತಿ, ಸಾಲ, ವಿಮೆ ಯಾವುದರ ಯೋಜನೆಯಲ್ಲೂ ಅವರ ಹೆಸರಿರುವುದಿಲ್ಲ.

ಈ ಪ್ರಶ್ನೆ ಸಾಧ್ಯವಾದಷ್ಟು ಮನೆಯಾಕೆಗೇ ಹೋಗಲಿ. ಸೋಮವಾರ ಅಥವಾ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಶನಿವಾರ ಹೋದರೆ ಯಾರಿಗೂ ಪುರುಸೊತ್ತಿಲ್ಲ, ಗುರುವಾರ ಹೋದರೆ ಭಾನುವಾರದ್ದು ಮರೆತಿರುತ್ತದೆ. ನೋಂದಣಿ ಆಗಿದೆಯಾ ಎಂಬ ಪ್ರಶ್ನೆ ಕೊನೆಯಲ್ಲಿರಲಿ, ಅಥವಾ ಬೇಡವೇ ಬೇಡ. ಪೊಲೀಸರೋ ತೆರಿಗೆಯವರೋ ಅನ್ನುವ ಅನುಮಾನ ಒಮ್ಮೆ ಬಂದರೆ ಆರು ಜನ ಒಬ್ಬರಾಗುತ್ತಾರೆ.

ಒಂದೇ ಜೀಪ್ ಚಾಲಕನನ್ನು ಐದು ಹೋಂಸ್ಟೇಯವರು ತಮ್ಮವನೆಂದು ಹೇಳುವುದು ಇಲ್ಲಿ ದಿನದ ಮಾತು. ಮನೆಗಳ ಉತ್ತರ ಕೂಡಿದರೆ ಐದು ಚಾಲಕರು, ರಸ್ತೆಯಲ್ಲಿರುವುದು ಒಬ್ಬ. ಆದ್ದರಿಂದ ಪ್ರತಿ ಕೆಲಸಗಾರರನ್ನೂ "ಇಂಥ ಎಷ್ಟು ಕಡೆ ಹೋಗುತ್ತೀರಿ?" ಎಂದು ಕೇಳಿ, ಐದು ಕಡೆ ಎಂದರೆ ಪ್ರತಿ ಮನೆಯಲ್ಲೂ ಐದನೇ ಒಂದು ಪಾಲು ಹಾಕಿ. ಗಂಟೆಯ ಲೆಕ್ಕಕ್ಕೆ ಈ ತೊಂದರೆಯಿಲ್ಲ, ಯಾವ ಮನೆಯಲ್ಲಿ ದುಡಿದ ಗಂಟೆ ಆ ಮನೆಗೇ ಸೇರುತ್ತದೆ. ಗಂಟೆಯ ಅಂಕಿ ಗಟ್ಟಿ ಎನ್ನುವುದಕ್ಕೆ ಇದೊಂದು ಕಾರಣ.

ಹೊರಗಿನಿಂದ ಬಂದ ಕೆಲಸಗಾರರದು ಬೇರೆ ಸಮಸ್ಯೆ. ರೆಸಾರ್ಟಿನ ಹಿಂಬದಿಯ ಸಿಬ್ಬಂದಿ ಕೊಠಡಿಯಲ್ಲಿ ಮಲಗುವ ಅಸ್ಸಾಂ, ಬಂಗಾಳ, ನೇಪಾಳದ ಹುಡುಗರು ಮನೆ ಮನೆ ಸಮೀಕ್ಷೆಯಲ್ಲಿ ಸುಲಭವಾಗಿ ಬಿಟ್ಟುಹೋಗುತ್ತಾರೆ, ಸಂಸ್ಥೆಗಳ ಸಮೀಕ್ಷೆಯಲ್ಲಿ ಸಿಗುತ್ತಾರೆ. ನಮ್ಮ ಜಿಲ್ಲೆಯಲ್ಲಿರುವ ಕೆಲಸ, ನಮ್ಮ ಜಿಲ್ಲೆಯವರಿಗೆ ಸಿಕ್ಕ ಕೆಲಸ, ಇವೆರಡು ಬೇರೆ. ಖಾಯಂ ವಿಳಾಸದ ಜಿಲ್ಲೆ ಕೇಳುವ ಒಂದು ಪ್ರಶ್ನೆಯಿಂದ ಎರಡೂ ಸಿಗುತ್ತವೆ.

ಸೀಸನ್

ಇನ್ನು ಕಾಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ಅದರ ಬೆನ್ನಿಗೇ ರೋಬಸ್ಟಾ. ಕ್ರಿಸ್‌ಮಸ್, ಹೊಸ ವರ್ಷದ ರಜೆಯ ಜನಜಂಗುಳಿ ಬೀಳುವುದೂ ಡಿಸೆಂಬರ್ ಕೊನೆಗೇ. ಹಣ್ಣು ಕೊಯ್ಯುವ ಕೈ ಮತ್ತು ಕೋಣೆ ಗುಡಿಸುವ ಕೈ ಒಂದೇ. ಆ ಹದಿನೈದು ದಿನದಲ್ಲಿ ಹೋಂಸ್ಟೇಗೆ ಬಂದ ಕೆಲಸವನ್ನೆಲ್ಲ ಹೊಸ ಉದ್ಯೋಗ ಎಂದು ಬರೆದರೆ, ತೋಟದಲ್ಲಿ ಅದೇ ದಿನ ಕಡಿಮೆಯಾದ ಆಳನ್ನು ಮರೆತಂತೆ. ಹಾಗಾಗಿ ಪ್ರತಿ ಕೆಲಸಗಾರರಿಗೂ ಹನ್ನೆರಡು ತಿಂಗಳ ಒಂದು ಪಟ್ಟಿ ಇರಲಿ: ಯಾವ ತಿಂಗಳು ಇಲ್ಲಿ ಎಷ್ಟು ದಿನ, ತೋಟದಲ್ಲಿ ಎಷ್ಟು, ಬೇರೆಡೆ ಎಷ್ಟು, ಸುಮ್ಮನೆ ಕೂತಿದ್ದು ಎಷ್ಟು. ತಿಂಗಳ ಹೆಸರು ನೆನಪಿರದವರಿಗೆ ಹೂಮಳೆ, ಗೌರಿ ಹಬ್ಬ, ದೀಪಾವಳಿ, ಕೊಯ್ಲು ಎಂದು ಕೇಳಿದರೆ ಸರಾಗವಾಗಿ ಹೇಳುತ್ತಾರೆ.

ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು ಊರಿನ ಲಾಡ್ಜು, ಹೋಟೆಲು, ಆಟೋಗಳ ಲೆಕ್ಕವನ್ನೇ ಬದಲಿಸುತ್ತವೆ. ಆ ವಾರ ಮಾಡಿದ ಸಮೀಕ್ಷೆಯನ್ನು 52ರಿಂದ ಗುಣಿಸಬಾರದು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006, 2018ರಲ್ಲಿ ನಡೆಯಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಅಂಥ ವರ್ಷವನ್ನು ಹೋಲಿಕೆಯ ಮೂಲ ವರ್ಷ ಮಾಡಿದರೆ ಮುಂದಿನ ಪ್ರತಿ ವರ್ಷವೂ ಕುಸಿತದಂತೆ ಕಾಣುತ್ತದೆ. 2020ನ್ನು ಮೂಲ ಮಾಡಿದರೆ ಇದಕ್ಕೆ ತಿರುಗುಮುರುಗು.

ತಾಳೆ ನೋಡಲು ಬೇರೆ ಅಂಕಿಗಳಿವೆ. ಮುಳ್ಳಯ್ಯನಗಿರಿ, ದತ್ತಪೀಠದ ದಾರಿಗೆ ಜಿಲ್ಲಾಡಳಿತ ತಂದ ವಾಹನ ನೋಂದಣಿಯಿಂದ ದಿನದಿನದ ಏರಿಳಿತ ಗೊತ್ತಾಗುತ್ತದೆ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರುಗಳ ಮಾರಾಟದಿಂದ ಹೋಟೆಲುಗಳ ಬಿರುಸು ತಿಳಿಯುತ್ತದೆ, ಆದರೆ ಮನೆಯ ಸಿಲಿಂಡರಿನಲ್ಲೇ ಅಡುಗೆ ಮಾಡುವ ಹೋಂಸ್ಟೇಗಳು ಅದರಲ್ಲಿ ಕಾಣುವುದಿಲ್ಲ. ಇವು ಏರಿತೇ ಇಳಿಯಿತೇ ಎನ್ನುವುದಕ್ಕೆ ಸಾಕ್ಷಿ, ಎಷ್ಟು ಉದ್ಯೋಗ ಎನ್ನುವುದಕ್ಕಲ್ಲ. ಹಾಲು, ತರಕಾರಿ, ಲಾಂಡ್ರಿಯವರಿಗೆ ದಾಟಿದ ಕೆಲಸ ಪರೋಕ್ಷ ಉದ್ಯೋಗ. ಅದನ್ನು ಬೇಕಾದರೆ ಬೇರೆಯಾಗಿ ಅಂದಾಜಿಸಿ, ನೇರ ಉದ್ಯೋಗಕ್ಕೆ ಕೂಡಿಸಬೇಡಿ.

ಒಂದು ತಾಲೂಕಿಗೆ ಬೇಕಾಗುವ ಶ್ರಮವೂ ದೊಡ್ಡದಲ್ಲ. ಮಲೆನಾಡಿನ ರಸ್ತೆಯಲ್ಲಿ ಒಬ್ಬರು ದಿನಕ್ಕೆ ಐದು ಮನೆ ಮುಗಿಸಬಹುದು; 80 ಮನೆಗೆ ನಾಲ್ವರಿಗೆ ನಾಲ್ಕು ದಿನ, ಸೋಮವಾರ–ಮಂಗಳವಾರ ಮಾತ್ರ ಹೋದರೆ ಎರಡು ವಾರ. ವರ್ಷಕ್ಕೆ ನಾಲ್ಕು ಸುತ್ತು: ಫೆಬ್ರುವರಿ, ಮೇ, ಆಗಸ್ಟ್, ಡಿಸೆಂಬರ್. ಪ್ರತಿ ಸುತ್ತಿನಲ್ಲೂ ಅರ್ಧ ಮನೆ ಹಿಂದಿನವೇ ಇರಲಿ, ಅರ್ಧ ಹೊಸವು. ಹಳೆಯ ಮನೆಗಳಿಂದ ಬದಲಾವಣೆ ತಿಳಿಯುತ್ತದೆ, ಹೊಸ ಮನೆಗಳಿಂದ ಪಟ್ಟಿ ಹಳಸದೆ ಉಳಿಯುತ್ತದೆ. ಮೊದಲ ಸುತ್ತನ್ನು ಡಿಸೆಂಬರಿನಲ್ಲಿ ಇಡಬೇಡಿ. ಕೇಳುವವರಿಗೆ ಇನ್ನೂ ಕೈ ಪಳಗಿರುವುದಿಲ್ಲ, ಹೇಳುವವರಿಗೆ ಕೊಯ್ಲು ಮತ್ತು ಅತಿಥಿಗಳ ನಡುವೆ ಉಸಿರಾಡಲು ಬಿಡುವಿರುವುದಿಲ್ಲ. ಮೇ ತಿಂಗಳಲ್ಲಿ ಶುರು ಮಾಡಿ: ಶಾಲೆಗೆ ರಜೆ ಇರುವುದರಿಂದ ಅತಿಥಿಗಳೂ ಇರುತ್ತಾರೆ, ತೋಟದ ಕೊಯ್ಲೂ ಮುಗಿದಿರುತ್ತದೆ, ಮಳೆ ಹಿಡಿಯುವ ಮೊದಲು ಒಳದಾರಿಗಳಲ್ಲಿ ಬೈಕೂ ಹೋಗುತ್ತದೆ.